ಎಪ್ಪತ್ತೈದು ವಾಟಿನ ಚರಿತ್ರೆ

ಕಪಿಲೆಯಲ್ಲಿ ಮಿಂದು ಶ್ರೀಕಂಠೇಶ್ವರನ ದರ್ಶನ ಮಾಡಿಕೊಂಡು ಹೋಗಲು ನಂಜನಗೂಡಿಗೆ ಬರುವವರು ಬಹಳ ಮಂದಿ. ಅದೇ ಕಪಿಲೆಗೆ ಅಡ್ಡಲಾಗಿ ನಿಂತಿರುವ ಹಳೆಯ ಸೇತುವೆಯನ್ನು ಒಂದು ಗಳಿಗೆ ನಿಂತು ನೋಡುವವರು ಕಡಮೆ. ವಾಚಕರಲ್ಲಿ ಯಾರಾದರೂ ಮುಂದೆ ಈ ಕಡೆ ಬಂದರೆ ದಯಮಾಡಿ ಅದನ್ನು ನೋಡಬೇಕು. ಹತ್ತಿರದ ಕಳಲೆಯ ಮನೆತನಕ್ಕೆ ಸೇರಿದ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, ೧೭೩೫ರಲ್ಲಿ, ಕಟ್ಟಿದ ಸೇತುವೆ ಅದು. ಕಟ್ಟಿದವರ ಮನಸ್ಸಿನಲ್ಲಿದ್ದುದು ಎತ್ತಿನ ಗಾಡಿ, ಕುದುರೆ, ದಂಡು, ಯಾತ್ರಿಕರ ಗುಂಪು. ಉಗಿಯಿಂದ ಓಡುವ ಗಾಡಿಯನ್ನು ಆಗ ಕನಸಿನಲ್ಲಿಯೂ ಕಂಡವರಿರಲಿಲ್ಲ. ಆದರೂ ೧೮೯೧ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್‌ಗೇಜ್ ರೈಲು ಬಂದಾಗ ಹಳಿ ಹಾಕಿದುದು ಇದೇ ಸೇತುವೆಯ ಮೇಲೆ. ಒಂದು ಪಕ್ಕದಲ್ಲಿ ರೈಲು, ಇನ್ನೊಂದು ಪಕ್ಕದಲ್ಲಿ ರಸ್ತೆ; ನೂರು ವರ್ಷಕ್ಕೂ ಹೆಚ್ಚು ಕಾಲ ಸೇತುವೆ ಎರಡನ್ನೂ ಹೊತ್ತಿತು. ಬ್ರಾಡ್‌ಗೇಜ್ ಹಳಿ ಬರುವ ಕಾಲಕ್ಕೆ ರೈಲಿಗೆಂದು ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿದರು. ಹಳೆಯದಕ್ಕೆ ಆ ಹೊರೆಯಿಂದ ಬಿಡುವಾಯಿತು.

ಒಂದು ಕಾಲದವರು ಒಂದು ಅಳತೆಗೆ ಕಟ್ಟಿಟ್ಟುದರ ಮೇಲೆ ಮುಂದಿನ ಕಾಲದವರು ಎಷ್ಟು ಭಾರ ಹೇರಬಹುದು? ಕನ್ನಡ ಪಂಡಿತನಾದ ನನಗೆ ಈ ಪ್ರಶ್ನೆ ಎದುರಾದುದು ಸೇತುವೆಯ ಮೇಲಲ್ಲ, ಒಂದು ಕಂಪ್ಯೂಟರ್ ಪೆಟ್ಟಿಗೆಯೊಳಗೆ. ಆ ಕಥೆಯನ್ನೂ, ಅದರ ಹಿಂದಿರುವ ನಲವತ್ತು ಚಿಲ್ಲರೆ ವರ್ಷದ ಚರಿತ್ರೆಯನ್ನೂ ತಮ್ಮ ಮುಂದೆ ಇಡುತ್ತೇನೆ. ಮನೆಯಲ್ಲಿ ಅಂಥ ಪೆಟ್ಟಿಗೆ ಇಟ್ಟುಕೊಂಡವರಿಗೆ ಇದರಿಂದ ನಾಲ್ಕು ಕಾಸು ಉಳಿದರೂ ಉಳಿಯಬಹುದು.

ನಂಜನಗೂಡನ್ನು ಬಿಟ್ಟ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ನರಸೀಪುರದ ಪೇಟೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಚಿಕ್ಕ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಮದುವೆ, ನಾಮಕರಣ, ಊರಹಬ್ಬ ಇವುಗಳ ಚಿತ್ರ ತೆಗೆದು, ಹೊಂದಿಸಿ ಕೊಡುವುದು ಅವನ ಕಸುಬು. ಅವನ ಬಳಿ ಇದ್ದುದು ಯಾವುದೋ ಕಚೇರಿಯಲ್ಲಿ ಕೆಲಸಮಾಡಿ ನಿವೃತ್ತಿ ಹೊಂದಿ, ಸೆಕೆಂಡ್‌ಹ್ಯಾಂಡ್ ಆಗಿ ಬಂದ ಕಂಪ್ಯೂಟರು. ಕಂಪನಿಯೇ ಒಟ್ಟುಗೂಡಿಸಿ ಕೊಟ್ಟ ಇಂಥ ಪೆಟ್ಟಿಗೆಗಳು ಗಟ್ಟಿಮುಟ್ಟು. ಕರೆಂಟು ತಿನ್ನುವುದೂ ಕಡಮೆ. ಪತ್ರ ಟೈಪು ಮಾಡುವುದಕ್ಕೂ ಲೆಕ್ಕ ಬರೆಯುವುದಕ್ಕೂ ಧಾರಾಳವಾಗಿ ಸಾಕು. ಆದರೆ ೨೦೨೫ರ ಫೆಬ್ರವರಿಯಲ್ಲಿ ತಿರುಮಕೂಡಲಿನಲ್ಲಿ ಕುಂಭಮೇಳ ನಡೆದಾಗ ಅವನು ಮೂರು ದಿನ ಹಗಲೂ ರಾತ್ರಿ ವಿಡಿಯೊ ತೆಗೆದ. ಅದನ್ನು ಹೊಂದಿಸಲು ಕುಳಿತರೆ ಪೆಟ್ಟಿಗೆ ಹೆಜ್ಜೆ ಹೆಜ್ಜೆಗೂ ನಿಂತಿತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಹಾಕಿಸು, ಸರಿಹೋಗುತ್ತದೆ ಎಂದು ಯಾರೋ ಹೇಳಿದರು.

ಅದೇ ಪೆಟ್ಟಿಗೆಯ ಡಿಸ್ಕಿನಲ್ಲಿ ನನ್ನದೂ ಒಂದು ಗಂಟು ಇದ್ದಿತು. ನರಸೀಪುರದ ಸುತ್ತಿನ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರು ಹಾಡುವ ಸೋಬಾನೆ ಪದಗಳನ್ನು ನಾವಿಬ್ಬರೂ ಎರಡು ಬೇಸಗೆ ರಜೆಯಲ್ಲಿ ತಿರುಗಾಡಿ ಚಿತ್ರಸಮೇತ ಹಿಡಿದಿಟ್ಟಿದ್ದೆವು. ಹಾಡಿದವರಲ್ಲಿ ಒಬ್ಬ ಅಜ್ಜಿ ಆ ವೇಳೆಗಾಗಲೇ ತೀರಿಹೋಗಿದ್ದರು. ಪ್ರತಿ ಬೇರೆ ಕಡೆ ಇರಲಿಲ್ಲ. ಅದು ನಮ್ಮ ಅವಿವೇಕ; ಅದನ್ನು ಮುಚ್ಚಿಡುವುದಿಲ್ಲ.

ಗ್ರಾಫಿಕ್ಸ್ ಕಾರ್ಡೆಂದರೆ ಏನು? ಕಂಪ್ಯೂಟರಿನೊಳಗೆ ನಡೆಯುವುದೆಲ್ಲ ಅಂಕಿಗಳ ವ್ಯವಹಾರ. ಆ ಅಂಕಿಗಳನ್ನು ಬಣ್ಣದ ಚುಕ್ಕಿಗಳನ್ನಾಗಿ ಮಾಡಿ ತೆರೆಯ ಮೇಲೆ ಇಡುವ ಹಲಗೆಯೇ ಗ್ರಾಫಿಕ್ಸ್ ಕಾರ್ಡು. ೧೯೮೧ರ ಆಗಸ್ಟಿನಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಇಂಥ ಹಲಗೆಗಳು ಎರಡು ಬಗೆ ಇದ್ದವು. ಒಂದು ಬರಿಯ ಅಕ್ಷರಕ್ಕೆ. ಸಾಲಿಗೆ ೮೦ರಂತೆ ೨೫ ಸಾಲು, ಅಂದರೆ ತೆರೆಯ ಮೇಲೆ ೨,೦೦೦ ಮನೆ, ಮನೆಗೊಂದು ಅಕ್ಷರ. ಇನ್ನೊಂದು ಚಿತ್ರಕ್ಕೆ, ಅಡ್ಡಕ್ಕೆ ೩೨೦, ಉದ್ದಕ್ಕೆ ೨೦೦ ಚುಕ್ಕಿ, ಒಟ್ಟಿಗೆ ನಾಲ್ಕೇ ಬಣ್ಣ. ಆ ಇಡೀ ಯಂತ್ರಕ್ಕೆ ವಿದ್ಯುತ್ತನ್ನು ಹಂಚಿಕೊಡುವ ಪೆಟ್ಟಿಗೆಯ ಬಲ ೬೩.೫ ವಾಟ್. ಈ ಅಂಕಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮನೆಗೊಂದು ಅಕ್ಷರ ಎಂಬ ಏರ್ಪಾಡು ಇಂಗ್ಲಿಷಿಗೆ ಸರಿ, ಕನ್ನಡಕ್ಕೆ? ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡಿ. ಸಕಾರ, ತಕಾರ, ರಕಾರ, ಮೇಲೆ ಈಕಾರ. ಒತ್ತು ಕೆಳಗೆ ಇಳಿಯಬೇಕು, ಗುಣಿತ ಮೇಲೆ ಏರಬೇಕು, ದೀರ್ಘ ಪಕ್ಕಕ್ಕೆ ಚಾಚಬೇಕು. ಐಬಿಎಂ ಹಲಗೆಯಲ್ಲಿ ಕೊರೆದಿಟ್ಟಿದ್ದುದು ೨೫೬ ಆಕಾರ ಮಾತ್ರ. ಅದರಲ್ಲಿ ನಮ್ಮ ‘ಅ’ಕಾರಕ್ಕೂ ಜಾಗವಿರಲಿಲ್ಲ. ಆದುದರಿಂದ ಭಾರತೀಯ ಭಾಷೆಗಳಿಗೆಂದೇ ಒಂದು ಹಲಗೆ ಬೇಕಾಯಿತು. ಕಾನ್ಪುರದ ಐಐಟಿಯಲ್ಲಿ ಮೊಳೆತ ಆ ವಿದ್ಯೆಯನ್ನು ೧೯೮೮ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ಬೆಳೆಸಿತು. ಅದರ ಹೆಸರು ‘ಜಿಸ್ಟ್ ಕಾರ್ಡ್’. ಪೆಟ್ಟಿಗೆ ಬಿಚ್ಚಿ ಆ ಹಲಗೆಯನ್ನು ಸಿಕ್ಕಿಸಿದರೆ, ಇಂಗ್ಲಿಷಿಗೆಂದು ಬರೆದ ಲೆಕ್ಕದ ಪ್ರೋಗ್ರಾಮಿನಲ್ಲಿಯೂ ಕನ್ನಡ ಮೂಡುತ್ತಿದ್ದಿತು. ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಸಂಕೇತವಾಗಿ ಇಟ್ಟುಕೊಳ್ಳುವುದು, ಒತ್ತು ಗುಣಿತಗಳನ್ನು ಕೂಡಿಸಿ ತೆರೆಯ ಮೇಲೆ ಬರೆಯುವುದು, ಇದು ಅದರ ಕ್ರಮ. ಆ ಸಂಕೇತಗಳ ಪಟ್ಟಿ ೧೯೯೧ರಲ್ಲಿ ‘ಇಸ್ಕಿ’ ಎಂಬ ಹೆಸರಿನಲ್ಲಿ ರಾಷ್ಟ್ರದ ಮಾನಕವಾಯಿತು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ಒಂದೇ ವರ್ಣಮಾಲೆಯ ಚೌಕಟ್ಟು ಎಂಬ ನಮ್ಮ ವೈಯಾಕರಣರ ತಿಳಿವಳಿಕೆಯೇ ಅದಕ್ಕೆ ತಳಹದಿ.

ಈಚಿನ ಹುಡುಗರು ಗ್ರಾಫಿಕ್ಸ್ ಕಾರ್ಡೆಂದರೆ ಆಟಕ್ಕೆಂದೇ ತಿಳಿದಿದ್ದಾರೆ. ಕನ್ನಡದವರು ಪೆಟ್ಟಿಗೆ ಬಿಚ್ಚಿ ಹಲಗೆ ಸೇರಿಸಿದುದು ಅಕ್ಷರಕ್ಕಾಗಿ ಎಂಬುದು ಅವರಿಗೂ ತಿಳಿದಿರಲಿ. ಮುಂದೆ ಕಂಪ್ಯೂಟರಿನ ತೆರೆಯೆಲ್ಲ ಚಿತ್ರಮಯವಾಯಿತು; ಅಕ್ಷರವನ್ನು ಚಿತ್ರವಾಗಿಯೇ ಬರೆಯುವ ಶಕ್ತಿ ಬಂದಿತು. ಕೆ. ಪಿ. ರಾಯರು ಕನ್ನಡಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಜಿಸ್ಟ್ ಹಲಗೆಯ ಕೆಲಸವನ್ನು ಬರಿಯ ಪ್ರೋಗ್ರಾಮೇ ವಹಿಸಿಕೊಂಡಿತು. ಹಲಗೆ ಕಪಾಟು ಸೇರಿತು.

ಅಕ್ಷರದ ಹೊರೆ ಇಳಿದ ಮೇಲೆ ಚಿತ್ರದ ಹೊರೆ ಏರಿತು. ಇಲ್ಲಿಂದ ಮುಂದೆ ಈ ಚರಿತ್ರೆಯನ್ನು ಬಣ್ಣ, ಚುಕ್ಕಿಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ವಾಟಿನ ಲೆಕ್ಕದಲ್ಲಿ ಹೇಳುವುದು ಲೇಸು. ರೇಡಿಯೊ ಕೇಳುವ ಮನೆಗಳಿಗೆ ವಾಟೇನೂ ಹೊಸದಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಆರಂಭಿಸಿದಾಗ ಅವರ ಪ್ರೇಷಕದ ಬಲ ೩೦ ವಾಟ್. ಅನಂತರ ೨೫೦ ವಾಟಿನದು ಬಂದಿತು. ಚಿಕ್ಕದರಲ್ಲಿ ಆರಂಭಿಸಿ, ಶಕ್ತಿ ಒದಗಿದಂತೆ ಬೆಳೆಸಿದುದು ಅವರ ಕ್ರಮ. ಪ್ರೇಷಕದ ವಾಟೇ ಬೇರೆ, ಯಂತ್ರ ಕುಡಿಯುವ ಕರೆಂಟಿನ ವಾಟೇ ಬೇರೆ ಎಂಬುದೇನೋ ನಿಜ. ಅಂಕಿಗಳ ಗಾತ್ರ ಮನಸ್ಸಿಗೆ ಬರಲೆಂದು ಮಾತ್ರ ಹೇಳಿದೆ.

ಕಂಪ್ಯೂಟರಿನ ಮುಖ್ಯ ಹಲಗೆಗೆ ಮದರ್‌ಬೋರ್ಡೆಂದು ಹೆಸರು. ಬೇರೆ ಕಾರ್ಡುಗಳನ್ನು ಸಿಕ್ಕಿಸುವ ಗಾಡಿ ಅದರಲ್ಲಿರುತ್ತದೆ, ಅದೇ ಸ್ಲಾಟ್. ಕಾರ್ಡಿಗೆ ಬೇಕಾದ ಕರೆಂಟೂ ಅದರ ಮೂಲಕವೇ ಬರಬೇಕು. ೧೯೯೨ರಲ್ಲಿ ಬಂದ ಪಿಸಿಐ ಸ್ಲಾಟಿನಲ್ಲಿ ಒಂದು ಕಾರ್ಡಿಗೆ ಸಲ್ಲುವ ಪಾಲು ಹೆಚ್ಚೆಂದರೆ ೨೫ ವಾಟ್. ೧೯೯೭ರಲ್ಲಿ ಚಿತ್ರಕ್ಕೆಂದೇ ಎಜಿಪಿ ಎಂಬ ಸ್ಲಾಟ್ ಬಂದಿತು. ೨೦೦೦ದಲ್ಲಿ ಬಂದ ‘ವೂಡೂ ೫’ ಕಾರ್ಡಿಗೆ ಸ್ಲಾಟಿನ ಪಾಲು ಸಾಲದೆ, ಡಿಸ್ಕಿಗೆ ಹೋಗುವಂಥ ಒಂದು ವೈರನ್ನು ನೇರವಾಗಿ ಕಾರ್ಡಿಗೇ ಸಿಕ್ಕಿಸಬೇಕಾಯಿತು. ಕಾರ್ಡು ಕೂತಲ್ಲೇ ಬಡಿಸಿದುದನ್ನು ಉಣ್ಣುವ ಕಾಲ ಮುಗಿದು, ಅಡಿಗೆಮನೆಗೇ ಕೈಹಾಕುವ ಕಾಲ ಹೀಗೆ ಬಂದಿತು.

೨೦೦೩ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಎಂಬ ಹೊಸ ಕ್ರಮ ಸಿದ್ಧವಾಯಿತು. ಅದರ ಉದ್ದನೆಯ ಸ್ಲಾಟಿನಿಂದ ಗ್ರಾಫಿಕ್ಸ್ ಕಾರ್ಡೊಂದು ಪಡೆಯಬಹುದಾದ ಮೇಲ್ಮಿತಿ ೭೫ ವಾಟ್. ಅದಕ್ಕೂ ಹೆಚ್ಚು ಬೇಕೆನ್ನುವ ಕಾರ್ಡಿಗೆ ಆರು ಪಿನ್ನಿನ ವೈರಾದರೆ ಇನ್ನೊಂದು ೭೫, ಎಂಟು ಪಿನ್ನಿನದಾದರೆ ೧೫೦. ಹಿಂದೆ ನೆನಪಿನಲ್ಲಿಡಿ ಎಂದ ಅಂಕಿಯನ್ನು ಈಗ ಹೊರಗೆ ತೆಗೆಯಿರಿ. ೧೯೮೧ರಲ್ಲಿ ಇಡೀ ಯಂತ್ರಕ್ಕೆ ೬೩.೫ ವಾಟ್ ಸಾಕಾಗಿದ್ದಿತು; ಇಲ್ಲಿ ಒಂದು ಸ್ಲಾಟಿನ ಪಾಲೇ ಅದನ್ನು ಮೀರಿತು. ೨೦೧೦ರ ‘ಜಿಟಿಎಕ್ಸ್ ೪೮೦’ ಎಂಬ ಕಾರ್ಡಿಗೆ ೨೫೦ ವಾಟ್. ೨೦೨೨ರ ‘ಆರ್‌ಟಿಎಕ್ಸ್ ೪೦೯೦’ಕ್ಕೆ ೪೫೦. ಆದರೂ ಸ್ಲಾಟಿನ ೭೫ ಮಾತ್ರ ಹಾಗೆಯೇ ನಿಂತಿತು.

ಇತ್ತ ಕಚೇರಿಗೆಂದು ತಯಾರಾದ ಪೆಟ್ಟಿಗೆಗಳ ಚರಿತ್ರೆ ಇದಕ್ಕೆ ತದ್ವಿರುದ್ಧ. ಸಾವಿರಗಟ್ಟಲೆ ಪೆಟ್ಟಿಗೆ ಕೊಳ್ಳುವ ಕಚೇರಿಗೆ ಕರೆಂಟಿನ ಬಿಲ್ಲೇ ದೊಡ್ಡ ಚಿಂತೆ. ಆದುದರಿಂದ ಗೋಡೆಯ ೨೩೦ ವೋಲ್ಟನ್ನು ಇಳಿಸಿ ಒಳಗೆ ಹಂಚುವ ಡಬ್ಬಿಯನ್ನು, ಅಂದರೆ ನಮ್ಮ ಪೇಟೆಯವರು ಎಸ್‌ಎಂಪಿಎಸ್ ಎನ್ನುವುದನ್ನು, ಅಳೆದು ಸುರಿದಂತೆ ಮಾಡಿದರು. ನನ್ನ ಶಿಷ್ಯನ ಪೆಟ್ಟಿಗೆಯಲ್ಲಿದ್ದುದು ೨೪೦ ವಾಟಿನದು. ಗ್ರಾಫಿಕ್ಸ್ ಕಾರ್ಡಿಗೆಂದು ಆರು ಪಿನ್ನಿನ ವೈರು ಅದರಲ್ಲಿ ಇರಲೇ ಇಲ್ಲ. ಇಲ್ಲದಿದ್ದುದು ಮರೆವಿನಿಂದಲ್ಲ. ಈ ಡಬ್ಬಿ ಅಷ್ಟು ಹೊರಲಾರದು ಎಂದು ಕಟ್ಟಿದವನೇ ಹೇಳಿದ ಮಾತು ಅದು.

ನನ್ನ ಶಿಷ್ಯನಿಗೆ ಆ ಮಾತು ಕೇಳಿಸಲಿಲ್ಲ. ೧೨೦ ವಾಟ್ ಬೇಡುವ ಹಳೆಯ ಕಾರ್ಡೊಂದನ್ನು ಕೊಂಡು ತಂದ. ಆರು ಪಿನ್ ಎಲ್ಲಿ ಎಂದು ಹುಡುಕಿ, ಕಾಣದೆ, ಡಿಸ್ಕಿಗೆ ಹೋಗುವ ಸಾಟಾ ವೈರಿನಿಂದ ಆರು ಪಿನ್ ಮಾಡಿಕೊಡುವ ಒಂದು ಕನ್ವರ್ಟರ್ ತಂದು ಸಿಕ್ಕಿಸಿದ. ಕಾರ್ಡು ತಿರುಗಿತು. ತೆರೆಯ ಮೇಲೆ ಚಿತ್ರ ಬಂದಿತು. ಎರಡು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಒಂದು ಮದುವೆಯ ವಿಡಿಯೊವನ್ನು ಕೊನೆಯ ರೂಪಕ್ಕೆ ತರುವಾಗ ಪೆಟ್ಟಿಗೆ ಧಡಕ್ಕನೆ ನಿಂತು, ಸುಟ್ಟ ವಾಸನೆ ಹೊಡೆಯಿತು. ಬಿಚ್ಚಿ ನೋಡಿದರೆ ಕನ್ವರ್ಟರಿನ ಪ್ಲಾಸ್ಟಿಕ್ಕು ಕಂದುಗಟ್ಟಿ ಮೆತ್ತಗಾಗಿದ್ದಿತು. ಸೋಬಾನೆ ಪದಗಳಿದ್ದ ಡಿಸ್ಕಿಗೂ ಅದೇ ಎಳೆಯಿಂದಲೇ ಕರೆಂಟು ಹೋಗುತ್ತಿದ್ದಿತು.

ಫೋನು ಬಂದ ಮಾರನೆಯ ದಿನ ಬೆಳಗಿನ ಬಸ್ಸಿಗೇ ನಾನು ನರಸೀಪುರಕ್ಕೆ ಹೋದೆ. ದಾರಿಯುದ್ದಕ್ಕೂ ಆ ಅಜ್ಜಿಯ ದನಿ ಕಿವಿಯಲ್ಲಿ. ಹೋದೊಡನೆ ಹುಡುಗ ಹೇಳಿದ ಮೊದಲ ಮಾತು ಇದು:

“ವೈರು ಸರಿಯಾಗಿ ಕೂತಿತ್ತು ಮೇಷ್ಟ್ರೇ, ಒಂದಿಷ್ಟೂ ಅಲ್ಲಾಡ್ತಿರಲಿಲ್ಲ.”

“ಕೂತದ್ದು ಸರಿ ಕಣಪ್ಪ. ಹೊರೋದಕ್ಕೆ ಆಗ್ತದೋ ಇಲ್ಲವೋ ಅಂತ ಲೆಕ್ಕ ಹಾಕಿದೆಯಾ?”

ವ್ಯಾಕರಣದ ತರಗತಿಯಲ್ಲಿ ನಾನು ಮಕ್ಕಳಿಗೆ ಹೇಳುವುದುಂಟು, ಎರಡು ಪದ ಪಕ್ಕದಲ್ಲಿ ಬಂದು ನಿಂತ ಮಾತ್ರಕ್ಕೆ ಸಂಧಿಯಾಗುವುದಿಲ್ಲ, ಸೂತ್ರ ಕೂಡಿಬರಬೇಕು ಎಂದು. ಆ ಹುಡುಗನೂ ಅದನ್ನು ಕೇಳಿದವನೇ. ಇಬ್ಬರೂ ಕಾಗದ ತೆಗೆದುಕೊಂಡು ಕುಳಿತೆವು. ಅವನ ಪೆಟ್ಟಿಗೆಯ ಪ್ರೊಸೆಸರಿಗೆ ತಯಾರಕರು ನಮೂದಿಸಿದುದು ೭೭ ವಾಟ್. ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನು ಇವಕ್ಕೆಲ್ಲ ಸೇರಿ ಒಂದು ಅಂದಾಜಿಗೆ ೫೦. ಅವನು ತಂದ ಕಾರ್ಡಿಗೆ ೧೨೦. ಕೂಡಿದರೆ ೨೪೭, ಡಬ್ಬಿಯ ಮೇಲೆ ಬರೆದುದು ೨೪೦. ಅದಿರಲಿ, ಸಾಟಾ ವೈರಿನ ಕೊನೆಯಲ್ಲಿ ೧೨ ವೋಲ್ಟಿಗೆ ಇರುವುದು ಮೂರು ಪಿನ್, ಒಂದೊಂದಕ್ಕೆ ೧.೫ ಆಂಪಿಯರ್. ಒಟ್ಟು ೪.೫ ಆಂಪಿಯರ್, ಎಂದರೆ ೫೪ ವಾಟ್. ಆರು ಪಿನ್ನಿನ ಮೂಲಕ ಕಾರ್ಡು ಕೇಳಬಹುದಾದುದು ೭೫. ಐವತ್ತನಾಲ್ಕರ ಹೆಗಲ ಮೇಲೆ ಎಪ್ಪತ್ತೈದರ ಮೂಟೆ! ಕನ್ವರ್ಟರು ಆಕಾರವನ್ನು ಬದಲಾಯಿಸಿತೇ ಹೊರತು ಬಲವನ್ನು ತಂದುಕೊಡಲಿಲ್ಲ.

ಡಿಸ್ಕನ್ನು ಬಿಚ್ಚಿ ಪರಿಚಯದವರೊಬ್ಬರ ಕಂಪ್ಯೂಟರಿಗೆ ಸೇರಿಸಿದೆವು. ಐದು ನಿಮಿಷ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ದೈವವಶಾತ್ ಎಲ್ಲವೂ ಇದ್ದಿತು. ಮೊದಲ ಕೆಲಸವಾಗಿ ಎರಡು ಪ್ರತಿ ಮಾಡಿಸಿದೆವು. ಒಂದು ಅಲ್ಲಿ, ಒಂದು ನಂಜನಗೂಡಿನಲ್ಲಿ ನನ್ನ ಮನೆಯಲ್ಲಿ.

ಹಾಗಾದರೆ ಇಂಥ ಪೆಟ್ಟಿಗೆಗೆ ಹೊಸ ಕಾರ್ಡು ಹಾಕುವುದೇ ಕೂಡದೆ? ಕೂಡದೆಂದರೆ ೧೮೯೧ರಲ್ಲಿ ನಮ್ಮ ಸೇತುವೆಯ ಮೇಲೆ ರೈಲೂ ಓಡಬಾರದಾಗಿತ್ತು. ಮಿತಿಯೊಳಗೆ ನಿಂತು ಕೆಲಸಮಾಡುವ ಕಾರ್ಡುಗಳದೇ ಒಂದು ವಂಶಾವಳಿ ಇದೆ. ದೊಡ್ಡ ಕಾರ್ಡುಗಳ ಗದ್ದಲದಲ್ಲಿ ಅದರ ಹೆಸರು ಕೇಳಿಸುವುದು ಕಡಮೆ. ೨೦೧೪ರ ಫೆಬ್ರವರಿಯಲ್ಲಿ ‘ಜಿಟಿಎಕ್ಸ್ ೭೫೦ ಟಿಐ’ ಬಂದಿತು, ೬೦ ವಾಟ್. ಬೇರೆ ವೈರಿಲ್ಲದೆ ಸ್ಲಾಟಿನ ಪಾಲಿನಿಂದಲೇ ಅದು ಮಾಡಿದ ಕೆಲಸ ಕಂಡು ಹಳೆಯ ಕಚೇರಿ ಪೆಟ್ಟಿಗೆಗಳಿಗೆಲ್ಲ ಮರುಜನ್ಮ ಬಂದಂತಾಯಿತು. ೨೦೧೬ರಲ್ಲಿ ‘ಜಿಟಿಎಕ್ಸ್ ೧೦೫೦ ಟಿಐ’, ೨೦೧೯ರಲ್ಲಿ ‘ಜಿಟಿಎಕ್ಸ್ ೧೬೫೦’, ಎರಡಕ್ಕೂ ೭೫ ವಾಟ್. ೨೦೨೨ರಲ್ಲಿ ‘ರೇಡಿಯಾನ್ ಆರ್‌ಎಕ್ಸ್ ೬೪೦೦’, ೫೩ ವಾಟ್. ೨೦೨೪ರಲ್ಲಿ ‘ಆರ್‌ಟಿಎಕ್ಸ್ ೩೦೫೦’ರ ಆರು ಜಿಬಿ ಮಾದರಿ, ೭೦ ವಾಟ್. ಅಷ್ಟೇ ವಾಟಿನಲ್ಲಿ ವರ್ಷ ವರ್ಷಕ್ಕೂ ಹೆಚ್ಚು ಕೆಲಸ ತೆಗೆದುದು ಹೇಗೆಂದರೆ, ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳನ್ನು ಮತ್ತಷ್ಟು ಕಿರಿದು ಮಾಡಿ, ಕೆಲಸವಿಲ್ಲದ ಭಾಗವನ್ನು ಮಲಗಿಸುವುದನ್ನು ಕಲಿತುದರಿಂದ.

ವಾಟ್ ಕಡಮೆಯಾದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳುವಂತೆಯೂ ಇಲ್ಲ. ೫೩ ವಾಟ್ ಎಂದು ನಾವು ಮೊದಲು ಮನಸ್ಸು ಮಾಡಿದುದು ಆರ್‌ಎಕ್ಸ್ ೬೪೦೦ರ ಮೇಲೆ. ವಿಚಾರಿಸಿದರೆ, ಅದು ವಿಡಿಯೊವನ್ನು ಓದಿ ತೋರಿಸುತ್ತದೆ, ಆದರೆ ಹೊಸ ವಿಡಿಯೊವನ್ನು ಸಂಕೇತಿಸಿ ಬರೆಯುವ ಅಂಗ ಅದರಲ್ಲಿಲ್ಲ. ವಿಡಿಯೊ ಬರೆದೇ ಅನ್ನ ತಿನ್ನುವವನಿಗೆ ಅದರಿಂದ ಏನು ಪ್ರಯೋಜನ? ಅದಲ್ಲದೆ ಮದರ್‌ಬೋರ್ಡಿನೊಡನೆ ಮಾತಾಡಲು ಅದಕ್ಕಿರುವ ದಾರಿ ನಾಲ್ಕೇ. ಹೊಸ ಬೋರ್ಡಿನಲ್ಲಿ ಅಷ್ಟು ಸಾಕು, ಹಳೆಯ ಬೋರ್ಡಿನಲ್ಲಿ ಇಕ್ಕಟ್ಟಾಗುತ್ತದೆ. ಕೊನೆಗೆ ೧೬೫೦ನ್ನೇ ಆರಿಸಿದೆವು. ಅಲ್ಲಿಯೂ ಒಂದು ಎಚ್ಚರಿಕೆ ಬೇಕಾಯಿತು. ಹೆಸರು ಒಂದೇ ಆದರೂ ಕೆಲವು ತಯಾರಕರು ಅದಕ್ಕೆ ವೇಗ ಹೆಚ್ಚಿಸಿ, ಆರು ಪಿನ್ನಿನ ಕಿವಿ ಸೇರಿಸಿಬಿಟ್ಟಿದ್ದಾರೆ. ಕಿವಿಯಿಲ್ಲದ ಮಾದರಿಯನ್ನೇ ಹುಡುಕಿ ತಂದೆವು. ೭೭, ೫೦, ೭೫ ಕೂಡಿದರೆ ೨೦೨. ಡಬ್ಬಿಗೆ ಇನ್ನೂ ೩೮ ವಾಟ್ ಉಸಿರಾಡಲು ಉಳಿಯಿತು.

ತಮ್ಮ ಮನೆಯಲ್ಲಿಯೂ ಮಕ್ಕಳು “ಅಪ್ಪಾ, ಗ್ರಾಫಿಕ್ಸ್ ಕಾರ್ಡು” ಎಂದು ಕೇಳುವ ದಿನ ಬರಬಹುದು. ಆಗ ಅಂಗಡಿಗೆ ಹೋಗುವುದಕ್ಕೆ ಮುಂಚೆ ಪೆಟ್ಟಿಗೆಯನ್ನು ಬಿಚ್ಚಿಸಿ, ಎಸ್‌ಎಂಪಿಎಸ್ ಮೇಲಿನ ಚೀಟಿಯನ್ನು ಓದಿ. ಒಟ್ಟು ವಾಟ್ ಎಷ್ಟು, ೧೨ ವೋಲ್ಟಿಗೆ ಎಷ್ಟು ಆಂಪಿಯರ್ ಎಂದು ಗುರುತುಹಾಕಿಕೊಳ್ಳಿ. ಪೆಟ್ಟಿಗೆ ತೆಳ್ಳಗಿನದಾದರೆ ಅರ್ಧ ಎತ್ತರದ ಕಾರ್ಡೇ ಬೇಕು. ಉದ್ದವನ್ನೂ ಅಳತೆಪಟ್ಟಿ ಇಟ್ಟು ನೋಡಿ. ಆರು ಪಿನ್ನಿನ ವೈರು ಇಲ್ಲದಿದ್ದರೆ ೭೫ ವಾಟಿನ ಒಳಗೇ ಇರಿ. ಎಲ್ಲಕ್ಕಿಂತ ಮೊದಲು, ಕಳೆದುಹೋದರೆ ಮತ್ತೆ ಬಾರದಂಥದು ಡಿಸ್ಕಿನಲ್ಲಿ ಏನಿದೆ ಎಂದು ಕೇಳಿಕೊಂಡು ಅದಕ್ಕೊಂದು ಪ್ರತಿ ಮಾಡಿಸಿ.

ಮಳೆಗಾಲ ಹಿಡಿಯುವ ಮುನ್ನ ಸೋಬಾನೆ ಪದಗಳ ಕೆಲಸ ಮುಗಿಯಿತು. ಒಂದು ಭಾನುವಾರ ನಾವಿಬ್ಬರೂ ಆ ಹಳ್ಳಿಗೆ ಹೋಗಿ, ತೀರಿಹೋದ ಅಜ್ಜಿಯ ಮನೆಯ ಜಗಲಿಯಲ್ಲಿಯೇ ಅದನ್ನು ತೋರಿಸಿದೆವು. ಮೊಮ್ಮಗಳು ತೆರೆಯ ಹತ್ತಿರ ಬಂದು ಕುಳಿತು, ಎರಡನೆಯ ಪದಕ್ಕೆ ತಾನೂ ದನಿಗೂಡಿಸಿದಳು. ಒಳಗಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದರು. ಹಿಂದಿರುಗುವಾಗ ಬಸ್ಸು ನಂಜನಗೂಡನ್ನು ಸೇರುವ ಹೊತ್ತಿಗೆ ಸಂಜೆಯಾಗಿದ್ದಿತು. ಕಪಿಲೆಯ ದಡಕ್ಕೆ ನಡೆದು, ಸೇತುವೆ ಕಾಣುವ ಕಡೆ ಒಂದು ಗಳಿಗೆ ಕುಳಿತಿದ್ದು, ಕತ್ತಲೆಯಾದ ಮೇಲೆ ಮನೆಗೆ ಬಂದೆ.